ನಗು ಬರದಿದ್ದರೆ ತಪ್ಪು ನಿಮ್ಮದಲ್ಲ

ಅಕ್ಕಾರ, ನಮಸ್ಕಾರ.

ಗಂಗಾವತಿಯಿಂದ ನೀವು ಬರೆದ ಕಾಗದ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಬೇರೆ ಓದುಗರಿಗಾಗಿ ವಿಷಯ ಮಾತ್ರ ಹೇಳಿಬಿಡುತ್ತೇನೆ. ನೀವು ಮತ್ತು ನಿಮ್ಮ ಮನೆಯವರು ಒಂದು ಸಿನಿಮಾಕ್ಕೆ ಹೋಗಿದ್ದಿರಿ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್, ಅದರಲ್ಲಿ ಸಂಸಾರ ಸಾಕಾಗಿಹೋದ ಎರಡು ಜೋಡಿ. ನಾಲ್ಕೂ ಜನ ಗುಟ್ಟಾಗಿ ಮೊಬೈಲಿನಲ್ಲಿ ಹೊಸ ಸಂಗಾತಿ ಹುಡುಕುತ್ತಾರೆ. ಸಿಗುವುದು ಪಕ್ಕದ ಮನೆಯವರೇ. ಒಂದಷ್ಟು ಓಡಾಟ, ಬಾಗಿಲ ಹಿಂದೆ ಬಚ್ಚಿಟ್ಟುಕೊಳ್ಳುವುದು, ನಡುವೆ ವಿಚ್ಛೇದನ, ಕೊನೆಗೆ ಎಲ್ಲರೂ ಅವರವರ ಮನೆಗೆ ವಾಪಸ್. ನಿಮಗೆ ಒಮ್ಮೆಯೂ ನಗು ಬರಲಿಲ್ಲ. ಇಂಟರ್ವಲ್‌ನಲ್ಲಿ ಎದ್ದುಹೋದ ನಿಮ್ಮ ಮನೆಯವರು ಮಿರ್ಚಿ ಬಂಡಿ ಹತ್ತಿರವೇ ನಿಂತುಬಿಟ್ಟರು, ಒಳಗೆ ಬರಲೇ ಇಲ್ಲ. ಆಮೇಲೆ ಅಂದರಂತೆ: 'ಇದು ಬೆಂಗ್ಳೂರ್ ಮಂದಿ ಕಥಿ, ನಮಗ ತಿಳಿಯಂಗಿಲ್ಲ ಬಿಡು.' ಅದು ನಿಜವಾ ಅಂತ ಕೇಳಿದ್ದೀರಿ. ಇಂಥ ಸಿನಿಮಾದಿಂದ ಸಂಸಾರಗಳು ಹಾಳಾಗುತ್ತವೆ ಅಂತ ಪಕ್ಕದ ಮನೆಯವರು ಹೇಳಿದ್ದನ್ನೂ ಬರೆದಿದ್ದೀರಿ.

ಸಿನಿಮಾದ ಹೆಸರನ್ನೂ ಬಿಟ್ಟಿದ್ದೇನೆ. ಎರಡನೇ ವಾರ ಕಾಣದೇ ಹೋಯಿತು, ಬಿದ್ದವರ ಮೇಲೆ ಕಲ್ಲು ಯಾಕೆ? ನಾನು ಅದನ್ನು ಇಲ್ಲಿ ಬಳ್ಳಾರಿಯಲ್ಲಿ ನೋಡಿದೆ. ಕೊನೆವರೆಗೂ ಕೂತಿದ್ದೆ. ಹೊಟ್ಟೆಪಾಡು.

ಪಕ್ಕದ ಮನೆಯವರ ಮಾತಿಗೆ ಜಾಸ್ತಿ ಹೇಳುವುದಿಲ್ಲ. ಕಟ್ಟಿಕೊಂಡವರನ್ನು ಬಿಟ್ಟು ಬೇರೆಯವರ ಕಡೆ ಮನಸ್ಸು ಹೋಗುವ ಕಥೆ ಕನ್ನಡಕ್ಕೆ ಹೊಸದೇನಲ್ಲ. 1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ'ಯಲ್ಲಿ ರಾಣಿ ಅಮೃತಮತಿ ಮಾಡಿದ್ದು ಅದನ್ನೇ. ಎಂಟುನೂರು ವರ್ಷದಿಂದ ಅದನ್ನು ಓದುತ್ತಾ ಬಂದಿದ್ದೇವೆ, ಪಾಠ ಮಾಡುತ್ತಾ ಬಂದಿದ್ದೇವೆ. ಅದರಿಂದ ಯಾರ ಮನೆ ಮುರಿಯಿತು?

ಆದರೆ ಜನ್ನನ ಹೆಸರು ತೆಗೆದಿದ್ದಕ್ಕೆ ಇನ್ನೊಂದು ಕಾರಣ ಇದೆ. ಅಮೃತಮತಿ ಅರಮನೆಯಲ್ಲಿ ರಾಜನ ಪಕ್ಕ ಮಲಗಿದ್ದಾಳೆ. ಬೆಳಗಿನ ಜಾವ ಆನೆ ಲಾಯದ ಕಡೆಯಿಂದ ಒಂದು ಹಾಡು ಕೇಳುತ್ತದೆ. ಮನಸ್ಸು ಅಲ್ಲಿಗೆ ಹೋಗಿಬಿಡುತ್ತದೆ. ಹಾಡಿದವನು ಯಾರು ಅಂತ ನೋಡಿಬರಲು ಕೆಳದಿಯನ್ನು ಕಳಿಸುತ್ತಾಳೆ. ಅವನು ಅಷ್ಟಾವಂಕ ಅನ್ನುವ ಮಾವುತ, ಅವನ ಅಂದಚೆಂದ ಕಂಡು ಕೆಳದಿಗೇ ದಿಗಿಲು. ವಾಪಸ್ ಬಂದು ಅವಳು ಅದನ್ನು ವರ್ಣಿಸುವ ಭಾಗ ಓದಿದರೆ ಈಗಲೂ ನಗು ಬರುತ್ತದೆ. ರಾಣಿಗೆ ಮಾತ್ರ ಅದು ಲೆಕ್ಕಕ್ಕೇ ಇಲ್ಲ. ನಮಗೆ ಅವಳು ಸರಿ ಅನ್ನಿಸಬಹುದು, ತಪ್ಪು ಅನ್ನಿಸಬಹುದು. ಆದರೆ ಯಾಕೆ ಹೋದಳು ಅನ್ನುವುದು ಕಿವಿಗೇ ಕೇಳಿಸುತ್ತದೆ.

ನೀವು ನೋಡಿದ ಸಿನಿಮಾದಲ್ಲಿ ಆ 'ಯಾಕೆ' ಇದೆಯಾ ಹೇಳಿ. ಒಬ್ಬ ಗಂಡ ಯಾವಾಗಲೂ ಲ್ಯಾಪ್‌ಟಾಪ್ ಮುಂದೆ. ಒಬ್ಬ ಹೆಂಡತಿ ಯಾವಾಗಲೂ ಶಾಪಿಂಗ್. ಅಷ್ಟಕ್ಕೇ ಬೇಸರ ಅಂದ್ಕೊಳ್ಳಿ ಅಂತ ನಮಗೇ ಬಿಟ್ಟಿದ್ದಾರೆ. ಈ ನಾಲ್ವರು ಒಂದು ಕಾಲದಲ್ಲಿ ಒಬ್ಬರನ್ನೊಬ್ಬರು ಯಾಕೆ ಮೆಚ್ಚಿದರು, ಮನೆಯೊಳಗೆ ಯಾವ ಮಾತಿಗೆ ಯಾವ ಉತ್ತರ ಬರುತ್ತದೆ, ಯಾವ ಹಳೇ ಜಗಳ ಇನ್ನೂ ಹಸಿ ಇದೆ, ಒಂದೂ ಗೊತ್ತಿಲ್ಲ. ಹಳೇ ಜೋಡಿಯೇ ಗೊತ್ತಿಲ್ಲದ ಮೇಲೆ ಅದು ಅದಲುಬದಲಾದರೆ ನಮಗೇನು? ನನ್ನ ಕೇಳಿದರೆ ಈ ಸಿನಿಮಾದ ರೋಗವೆಲ್ಲಾ ಇದೊಂದೇ.

ಬೆಂಗಳೂರಿನ ಕಥೆ ಅಂತ ನಿಮಗೆ ಅರ್ಥವಾಗಲಿಲ್ಲ ಅನ್ನುವುದು ಸುಳ್ಳು. ಅದಕ್ಕಿಂತ ದೂರದ್ದು ಹೇಳುತ್ತೇನೆ. 1937ರಲ್ಲಿ ಅಮೆರಿಕದಲ್ಲಿ 'ದಿ ಆಫುಲ್ ಟ್ರೂತ್' ಅಂತ ಒಂದು ಸಿನಿಮಾ ಬಂತು. ಲಿಯೋ ಮೆಕೇರಿ ನಿರ್ದೇಶಕ, ಅದಕ್ಕೆ ಆಸ್ಕರ್ ಕೂಡ ಪಡೆದವರು. ಕ್ಯಾರಿ ಗ್ರ್ಯಾಂಟ್, ಐರೀನ್ ಡನ್ ಗಂಡಹೆಂಡತಿ. ಗಂಡ ಫ್ಲೋರಿಡಾಕ್ಕೆ ಹೋಗಿದ್ದೆ ಅಂತ ಸುಳ್ಳು ಹೇಳಿ ಹೆಂಡತಿಗೆ ಕಿತ್ತಳೆ ಬುಟ್ಟಿ ತಂದುಕೊಡುತ್ತಾನೆ. ಹಣ್ಣಿನ ಮೇಲೆ ಕ್ಯಾಲಿಫೋರ್ನಿಯಾ ಅಂತ ಮುದ್ರೆ! ಅವಳೂ ಸಂಗೀತದ ಮೇಷ್ಟ್ರ ಜೊತೆ ರಾತ್ರಿಯೆಲ್ಲಾ ಹೊರಗಿದ್ದು ಬಂದಿದ್ದಾಳೆ, ಕಾರು ಕೆಟ್ಟಿತ್ತು ಅನ್ನುತ್ತಾಳೆ. ಇಬ್ಬರೂ ಕೋರ್ಟಿಗೆ ಹೋಗುತ್ತಾರೆ. ನಾಯಿ ಯಾರಿಗೆ ಸೇರಬೇಕು ಅನ್ನುವುದಕ್ಕೂ ಅಲ್ಲೇ ಜಗಳ. ವಿಚ್ಛೇದನ ಪಕ್ಕಾ ಆಗಲು 90 ದಿನ. ಅಷ್ಟರಲ್ಲಿ ಇಬ್ಬರೂ ಹೊಸ ಜೋಡಿ ನೋಡಿಕೊಳ್ಳುತ್ತಾರೆ, ಇಬ್ಬರೂ ಒಬ್ಬರದನ್ನೊಬ್ಬರು ಕೆಡಿಸುತ್ತಾರೆ. ಹೊಸಬರಲ್ಲಿ ದೋಷವೇನೂ ಇಲ್ಲ. ಹಳೇ ಜೋಕು ಅವರಿಗೆ ಗೊತ್ತಿಲ್ಲ, ಅಷ್ಟೇ. ಕೊನೇ ದಿನ ನಡುರಾತ್ರಿ ಹೊತ್ತಿಗೆ ಎರಡು ಕೋಣೆ, ನಡುವೆ ಸರಿಯಾಗಿ ಮುಚ್ಚಿಕೊಳ್ಳದ ಒಂದು ಬಾಗಿಲು. ಆ ಕಿತ್ತಳೆ ಹಣ್ಣಿನ ನಗು ಗಂಗಾವತಿಯವರಿಗೂ ಬರುತ್ತದೆ, ಗಡಿಯಾರ ನೋಡುವ ಕಾತರ ಕಾರಟಗಿಯವರಿಗೂ ಆಗುತ್ತದೆ.

ಆ 90 ದಿನ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಸರಕು ನಮ್ಮ ಕಾನೂನಿನಲ್ಲೇ ಬಿದ್ದಿದೆ. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ 13ಬಿ ಕಲಂ ಸೇರಿತು. ಇಬ್ಬರೂ ಒಪ್ಪಿ ಬಿಡಬೇಕಾದರೆ ಮೊದಲು ಒಂದು ವರ್ಷ ಬೇರೆ ಬೇರೆ ಇರಬೇಕು, ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. 2017ರಿಂದ ಕೋರ್ಟು ಬೇಕಾದರೆ ಆ ಆರು ತಿಂಗಳು ಬಿಡಬಹುದು ಅಂತಾಗಿದೆ. ನನಗೆ ಖುಷಿ ಕೊಟ್ಟಿದ್ದು 1991ರ ಸುಪ್ರೀಂ ಕೋರ್ಟ್ ಮಾತು: ಬೇರೆ ಇರುವುದು ಅಂದರೆ ಬೇರೆ ಮನೆಯೇ ಆಗಬೇಕಿಲ್ಲ, ಗಂಡಹೆಂಡತಿಯಾಗಿ ಬಾಳದಿದ್ದರೆ ಒಂದೇ ಸೂರಿನಡಿ ಇದ್ದರೂ ಬೇರೆಯೇ.

ಈಗ ಬಳ್ಳಾರಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನೆನಸಿಕೊಳ್ಳಿ. ಇನ್ನೊಂದು ಮನೆಗೆ ಅಡ್ವಾನ್ಸ್ ಕೊಡಲು ದುಡ್ಡಿಲ್ಲ. ಕಾನೂನಿನ ಪ್ರಕಾರ ಇಬ್ಬರೂ ಬೇರೆ. ಆದರೆ ನಲ್ಲಿಗೆ ನೀರು ಬರುವ ದಿನ ಡ್ರಮ್ಮು ತುಂಬಲು ಇಬ್ಬರೂ ಬೇಕು. ಗ್ಯಾಸ್ ಅವನ ಹೆಸರಲ್ಲಿ, ರೊಟ್ಟಿ ಹಂಚು ಅವಳ ತವರಿನದ್ದು. ಆಗ ಸಿರುಗುಪ್ಪದಿಂದ ಸೋದರಮಾವ ಲಗ್ನಪತ್ರಿಕೆ ಹಿಡಿದು ಬರುತ್ತಾನೆ. ಇವರ ಮದುವೆಗೆ ಅವನು ಆಯೇರಿ (ಉಡುಗೊರೆ) ಮಾಡಿದ್ದಕ್ಕೆ ಇವರೂ ಜೋಡಿಯಾಗಿ ಹೋಗಿ ಆಯೇರಿ ಮಾಡಲೇಬೇಕು. ಮದುವೆಯಲ್ಲಿ ಹಿರಿಯರು ಇವರನ್ನೇ ಕರೆದು ವಧೂವರರಿಗೆ ಆಶೀರ್ವಾದ ಮಾಡಿ ಅನ್ನುತ್ತಾರೆ. ಅಲ್ಲಿಗೆ ಅವನ ಹೊಸ ಗೆಳತಿಯೂ ಬಂದಿದ್ದಾಳೆ, ವಧುವಿನ ಕಡೆಯವಳಾಗಿ. ಸಿನಿಮಾದವರು ಇಷ್ಟು ದೊಡ್ಡ ಗಣಿ ಬಿಟ್ಟು ನಾಲ್ವರ ವಿಚ್ಛೇದನವನ್ನು ಒಂದು ಹಾಡಿನಲ್ಲಿ ಮುಗಿಸಿದರು. ಅದೂ ವಿದೇಶದಲ್ಲಿ ತೆಗೆದ ಹಾಡು.

ನಮ್ಮ ಕಂಪನಿ ನಾಟಕದವರಿಗೆ ಈ ಗುಟ್ಟು ಗೊತ್ತು. ಟೆಂಟಿನಲ್ಲಿ ಹಾಸ್ಯದ ಜೋಡಿ ಬಂದು 'ರೊಟ್ಟಿ ಬಿರುಸಾಗ್ಯಾವ' ಅಂತ ಜಗಳ ತೆಗೆದರೆ ಮೊದಲು ನಗುವುದು ಹೆಂಗಸರ ಸಾಲು. ಜಗಳ ರೊಟ್ಟಿಯದ್ದಲ್ಲ, ನಿನ್ನೆ ಅತ್ತೆ ಆಡಿದ ಮಾತಿನದು ಅಂತ ಅವರಿಗೆ ಗೊತ್ತಿರುತ್ತದೆ. ಎರಡರ್ಥದ ಮಾತು ಅಲ್ಲೂ ಅತಿಯಾಗಿದೆ, ಅದನ್ನು ನಾನು ಮೆಚ್ಚುವುದಿಲ್ಲ. ಆದರೂ ಆ ಇಬ್ಬರು ಗಂಡಹೆಂಡತಿ ಅಂತ ನಂಬಿಕೆ ಹುಟ್ಟಲು ಎರಡು ನಿಮಿಷ ಸಾಕು. ಈ ಸಿನಿಮಾಕ್ಕೆ ಎರಡು ಗಂಟೆ ಸಾಲಲಿಲ್ಲ.

ಮುಂದೆ ಇಬ್ಬರೂ ಕೂತು ನಗುವಂಥದ್ದು ಏನಾದರೂ ಹೇಳಿ ಅಂದಿದ್ದೀರಿ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರ ಬನಶಂಕರಿ ಜಾತ್ರೆ ಇರುತ್ತದೆ, ನಾಟಕ ಕಂಪನಿಗಳು ಸಾಲಾಗಿ ಟೆಂಟು ಹಾಕುತ್ತವೆ. ಇಬ್ಬರೂ ಹೋಗಿಬನ್ನಿ. ಟಿಕೆಟ್ ತೆಗೆಯುವ ಮುಂಚೆ ಹಾಸ್ಯದ ಪಾತ್ರ ಯಾರು ಮಾಡ್ತಾರೆ ಅಂತ ಗೇಟಿನಲ್ಲಿ ಕೇಳಿ. ಹೀರೋ ಯಾರಾದರೂ ಆಗಲಿ.

- ಸಂಪಾದಕ