ಕೆಂಪಕ್ಷರ ಕಂಡ ಕೂಡ್ಲೇ ಗಾಬರಿ ಬೇಡ: ನಾಯಿ, ಕರುಗಳ ಟೆಸ್ಟ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದಿರೋದ್ರಲ್ಲಿ ಅರ್ಧಕ್ಕರ್ಧ ಲ್ಯಾಬ್ ರಿಪೋರ್ಟಿನ ಫೋಟೋಗಳೇ. ಪ್ರಾಣಿ ವಯಸ್ಸೆಷ್ಟು, ಊಟ ತಿಂತಿದ್ಯಾ, ರಕ್ತ ಯಾವಾಗ ತೆಗೆದ್ರು ಅಂತ ಬರೆದೋರು ನಾಲ್ಕೇ ಜನ, ಅವ್ರಿಗೆ ಮೊದಲು ಉತ್ತರ.

ಪ್ರಶ್ನೆ: ಡಾಕ್ಟ್ರೇ, ನಮ್ಮ ನಾಯಿಮರಿಗೆ ಮೂರು ತಿಂಗಳು. ಆಟ, ಊಟ ಎಲ್ಲಾ ಜೋರಾಗೇ ಇದೆ. ಸುಮ್ನೆ ಚೆಕಪ್ ಅಂತ ಬ್ಲಡ್ ಟೆಸ್ಟ್ ಮಾಡ್ಸಿದ್ರೆ ಎಎಲ್‌ಪಿ, ಫಾಸ್ಫರಸ್ ಎರಡೂ ಜಾಸ್ತಿ ಅಂತ ಕೆಂಪಕ್ಷರದಲ್ಲಿ ಬಂದಿದೆ. ನೆಟ್ಟಲ್ಲಿ ನೋಡಿದ್ರೆ ಲಿವರ್ರು, ಕಿಡ್ನಿ ಎರಡೂ ಕೆಟ್ಟಿದೆ ಅಂತಿದೆ.

ಉತ್ತರ: ಮೊದ್ಲು ನೆಟ್ ಮುಚ್ಚಿಡಿ. ಎಎಲ್‌ಪಿ ಅನ್ನೋದು ರಕ್ತದಲ್ಲಿ ಅಳೆಯೋ ಒಂದು ಕಿಣ್ವ (ಎನ್ಜೈಮ್), ಅದು ಬರೋದು ಬರೀ ಲಿವರಿಂದ ಅಲ್ಲ, ಮೂಳೆಯಿಂದಾನೂ ಬರತ್ತೆ, ಬೆಳೆಯೋ ಮರಿಯ ಮೂಳೆ ಹಗಲೂ ರಾತ್ರಿ ಕೆಲಸ ಮಾಡ್ತಿರತ್ತಲ್ಲ, ಹಂಗಾಗಿ ಎಎಲ್‌ಪಿ, ಫಾಸ್ಫರಸ್ ಎರಡೂ ದೊಡ್ಡ ನಾಯಿಗಿಂತ ಜಾಸ್ತಿ ಇರೋದೇ ಸರಿ. ರಿಪೋರ್ಟಲ್ಲಿ ಪಕ್ಕದ ಕಾಲಮಲ್ಲಿ ಕೊಟ್ಟಿರೋ 'ನಾರ್ಮಲ್' ಸಾಮಾನ್ಯವಾಗಿ ಬೆಳೆದ ನಾಯಿದು, ನಿಮ್ಮ ಮರಿದಲ್ಲ.

ಆ ನಾರ್ಮಲ್ ಅನ್ನೋದನ್ನ ಹೆಂಗೆ ಮಾಡ್ತಾರೆ ಅಂತ ಗೊತ್ತಾದ್ರೆ ಅರ್ಧ ಭಯ ಹೋಗತ್ತೆ. ಆರೋಗ್ಯವಾಗಿರೋ ನಾಯಿಗಳನ್ನ, ಆದಷ್ಟು 120 ಆದ್ರೂ ಇರ್ಲಿ ಅಂತಾರೆ, ಟೆಸ್ಟ್ ಮಾಡಿ ಮಧ್ಯದ 95 ಪರ್ಸೆಂಟ್ ಇಟ್ಕೊಂಡು ಎರಡೂ ತುದಿ ಕತ್ತರಿಸ್ತಾರೆ. ಅಂದ್ರೆ ನೂರು ಆರೋಗ್ಯವಂತ ನಾಯಿಗಳಲ್ಲಿ ಐದಕ್ಕೆ ಸುಮ್‌ಸುಮ್ನೆ ಕೆಂಪಕ್ಷರ ಬಂದೇ ಬರತ್ತೆ. ಒಂದಕ್ಕೊಂದು ಸಂಬಂಧ ಇಲ್ದಿರೋ 20 ಟೆಸ್ಟ್ ಒಟ್ಟಿಗೆ ಮಾಡ್ಸಿದ್ರೆ ಒಂದಾದ್ರೂ ಕೆಂಪಾಗೋ ಸಾಧ್ಯತೆ ಸುಮಾರು 64 ಪರ್ಸೆಂಟು! ತಳಿ ಲೆಕ್ಕ ಬೇರೆ. ಗ್ರೇಹೌಂಡ್‌ಗೆ ಕೆಂಪು ರಕ್ತಕಣ ಹುಟ್ಟಾ ಜಾಸ್ತಿ, ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ನಾಯಿಗಳಲ್ಲಿ ಎಷ್ಟೋ ಸಲ ಪ್ಲೇಟ್ಲೆಟ್ ಕಡಿಮೆ, ಆದ್ರೆ ಒಂದೊಂದು ಪ್ಲೇಟ್ಲೆಟ್ಟೂ ದೊಡ್ಡದು, ರಕ್ತ ಸರಿಯಾಗೇ ಹೆಪ್ಪುಗಟ್ಟತ್ತೆ.

ನಾನೂ ಮೋಸ ಹೋಗಿದೀನಿ ಬಿಡಿ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಎರಡು ದಿನದ ಕರುವಿಗೆ ಜಿಜಿಟಿ (ಇದೂ ಲಿವರ್ ಹೆಂಗಿದೆ ಅಂತ ನೋಡೋಕೆ ಅಳೆಯೋ ಕಿಣ್ವ) ವಿಪರೀತ ಜಾಸ್ತಿ ಬಂತು, ಲಿವರ್ ಕಾಯಿಲೆ ಅಂತ ಪುಸ್ತಕ ಎಲ್ಲ ತಿರುವಿ ಹಾಕ್ತಾ ಕೂತಿದ್ದೆ. ಹಿರಿಯ ಡಾಕ್ಟ್ರು ಬಂದು "ಗಿಣ್ಣುಹಾಲು ಕುಡಿದಿದ್ಯೇನಯ್ಯಾ?" ಅಂತ ಒಂದೇ ಮಾತು ಕೇಳಿದ್ರು. ಗಿಣ್ಣುಹಾಲಲ್ಲೇ ಜಿಜಿಟಿ ತುಂಬಿರತ್ತೆ, ಕುಡಿದ ಕರುವಿನ ರಕ್ತಕ್ಕೆ ಅದು ಹೋಗತ್ತೆ. ಆ ವಯಸ್ಸಲ್ಲಿ ಜಿಜಿಟಿ ಕಡಿಮೆ ಇದ್ರೇನೇ ತಲೆ ಕೆಡಿಸ್ಕೋಬೇಕು.

ಪ್ರಶ್ನೆ: ನಮ್ಮ ಹಸು ಕರು ಹಾಕಿ ಮೂರು ದಿನ ಆಯ್ತು. ರಾತ್ರಿ ಹುಟ್ಟಿದ್ದು, ಗಿಣ್ಣುಹಾಲು ಎಷ್ಟು ಕುಡೀತೋ ಯಾರೂ ನೋಡಿಲ್ಲ. ರಕ್ತ ನೋಡಿ ಹೇಳೋಕಾಗತ್ತಾ?

ಉತ್ತರ: ಆಗತ್ತೆ, ಇನ್ನೂ ಟೈಮಿದೆ. ಮನುಷ್ಯರ ಮಗುಗೆ ತಾಯಿಯ ರೋಗನಿರೋಧಕ ಪ್ರೋಟೀನು ಗರ್ಭದಲ್ಲೇ ಸಿಗತ್ತೆ, ಹಸುವಿನ ಮಾಸು ಅದನ್ನ ಒಳಗೆ ಬಿಡಲ್ಲ, ಕರು ಹುಟ್ಟೋದೇ ಬರಿಗೈಲಿ. ಇರೋ ದಾರಿ ಗಿಣ್ಣುಹಾಲೊಂದೇ, ಅದನ್ನ ಇಡಿಯಾಗಿ ಹೀರ್ಕೊಳ್ಳೋ ಶಕ್ತಿ ಕರುವಿನ ಕರುಳಿಗೆ ಇರೋದು ಸುಮಾರು 24 ಗಂಟೆ, ಅದೂ ಗಂಟೆಗಂಟೆಗೂ ಕಡಿಮೆ ಆಗ್ತಾ ಹೋಗತ್ತೆ. ಅದಕ್ಕೇ ಮೊದಲ ಕೆಲವೇ ಗಂಟೆಯೊಳಗೆ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಕುಡಿಸಿ ಅನ್ನೋದು.

ಒಂದು ದಿನ ತುಂಬಿದ ಮೇಲೆ ಏಳು ದಿನದ ಒಳಗೆ ರಕ್ತ ತೆಗೆದು ಸೀರಂ ಟೋಟಲ್ ಪ್ರೋಟೀನ್, ಅಂದ್ರೆ ರಕ್ತದ ತಿಳಿಯಲ್ಲಿರೋ ಒಟ್ಟು ಪ್ರೋಟೀನು ನೋಡ್ತಾರೆ. ಕೈಯಲ್ಲಿ ಹಿಡಿಯೋ ರಿಫ್ರಾಕ್ಟೋಮೀಟರ್ (ಬೆಳಕು ಎಷ್ಟು ಬಾಗತ್ತೆ ಅಂತ ನೋಡಿ ಪ್ರೋಟೀನು ಅಂದಾಜು ಮಾಡೋ ಸಣ್ಣ ಉಪಕರಣ) ಸಾಕು. ಡೆಸಿಲೀಟರಿಗೆ 5.1 ಗ್ರಾಂಗಿಂತ ಕಡಿಮೆ ಇದ್ರೆ ಕರುವಿಗೆ ಸಾಲ್ದು ಅಂತ ಅರ್ಥ, 6.2 ದಾಟಿದ್ರೆ ಬಹಳ ಚೆನ್ನಾಗಿದೆ. ಆದ್ರೆ ಕರುವಿಗೆ ಭೇದಿ ಆಗಿ ನೀರು ಬತ್ತಿದ್ರೆ ರಕ್ತ ಗಟ್ಟಿಯಾಗಿ ಪ್ರೋಟೀನು ಜಾಸ್ತಿ ತೋರ್ಸತ್ತೆ, ಆ ಕರುವಿನ 6ನ್ನ ನಂಬ್ಬೇಡಿ.

ಕಡಿಮೆ ಬಂದ್ರೆ ಏನ್ಮಾಡೋದು ಅಂತ ಕೇಳ್ತೀರ. ಈಗ ಎಷ್ಟು ಕುಡಿಸಿದ್ರೂ ರಕ್ತಕ್ಕೆ ಹೋಗಲ್ಲ, ಆದ್ರೂ ಕುಡಿಸಿ, ಕರುಳೊಳಗೇ ಒಂದಿಷ್ಟು ಕಾವಲು ಕಾಯತ್ತೆ. ಕರು ತೀರಾ ಸೊರಗಿದ್ರೆ ಡಾಕ್ಟ್ರು ಪ್ಲಾಸ್ಮಾ ಕೊಡಬಹುದು. ಇಲ್ದಿದ್ರೆ ಮಲಗೋ ಜಾಗ ಒಣಗಿರ್ಲಿ, ಹೊಕ್ಕುಳು ನೋಡ್ತಿರಿ. ಮುಂದಿನ ಸಲ ಹಾಲನ್ನೇ ಬ್ರಿಕ್ಸ್ ಮೀಟರಿಗೆ (ಇದೂ ಅದೇ ಥರದ ಉಪಕರಣ) ಹಾಕಿ ನೋಡಿ, 22 ಪರ್ಸೆಂಟ್ ಅಥವಾ ಜಾಸ್ತಿ ಇದ್ರೆ ಒಳ್ಳೆ ಗಿಣ್ಣು.

ಪ್ರಶ್ನೆ: ಎಂಟು ದಿನದ ಕರುವಿಗೆ ಭೇದಿ. ಎರಡು ದಿನ ಆ್ಯಂಟಿಬಯಾಟಿಕ್ ಕೊಟ್ಟಾಯ್ತು, ನಿಂತಿಲ್ಲ. ಈಗ ಸಗಣಿ ಲ್ಯಾಬಿಗೆ ಕಳಿಸ್ಬಹುದಾ?

ಉತ್ತರ: ಕಳಿಸಿ, ಆದ್ರೆ ಕೊಟ್ಟಿಗೇಲಿ ಈಗಷ್ಟೇ ಭೇದಿ ಶುರುವಾದ, ಔಷಧಿ ಬೀಳದ ಇನ್ನೊಂದು ಕರು ಇದ್ರೆ ಅದರದ್ದೂ ಕಳಿಸಿ, ನಿಜ ಹೇಳೋದು ಆ ಸ್ಯಾಂಪಲ್ಲೇ. ನೆಲದಿಂದ ಬಾಚ್ಬೇಡಿ. ಇ. ಕೋಲಿ ಕೆ99 ಅನ್ನೋ ಬ್ಯಾಕ್ಟೀರಿಯಾ ಕಾಡೋದು ಬಹುತೇಕ ಮೊದಲ ನಾಲ್ಕೈದು ದಿನ, ಎಂಟನೇ ದಿನಕ್ಕೆ ರೋಟಾ, ಕೊರೋನಾ ವೈರಸ್ಸು, ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಕಣ್ಣಿಗೆ ಕಾಣದ ಪರೋಪಜೀವಿ ಮೇಲೇ ಅನುಮಾನ, ಇವ್ಯಾವೂ ಸಾಮಾನ್ಯ ಆ್ಯಂಟಿಬಯಾಟಿಕ್ಕಿಗೆ ಬಗ್ಗೋ ಪೈಕಿ ಅಲ್ಲ. ರಿಪೋರ್ಟ್ ಬರ್ಲಿ ಅಂತ ಕಾಯ್ಬೇಡಿ, ಕರು ಸಾಯೋದು ಹೆಚ್ಚಾಗಿ ನೀರು, ಲವಣ ಬತ್ತಿ. ಇವತ್ತೇ ಡಾಕ್ಟ್ರನ್ನ ಕರೆಸಿ ಅದನ್ನ ತುಂಬಿಸಿ. ಕೈ ಸೋಪು ಹಾಕಿ ತೊಳ್ಕೊಳ್ಳಿ, ಕ್ರಿಪ್ಟೋ ನಮಗೂ ಅಂಟತ್ತೆ.

ಪ್ರಶ್ನೆ: ನಮ್ಮ ಹತ್ತು ವರ್ಷದ ನಾಯಿಗೆ ಕೀಲು ನೋವು. ಹೊಸ ಮಾತ್ರೆ ಬಗ್ಗೆ ಕ್ಲಿನಿಕಲ್ ಟ್ರಯಲ್ ನಡೀತಿದೆ, ಸೇರಿಸ್ತೀರಾ ಅಂತ ಕೇಳಿದಾರೆ. ಅರ್ಧ ನಾಯಿಗಳಿಗೆ ಖಾಲಿ ಮಾತ್ರೆ ಅಂತೆ. ನಮ್ಮ ನಾಯಿ ಪ್ರಯೋಗದ ಪ್ರಾಣಿ ಆಗ್ಬಿಡತ್ತಾ? ಖಾಲಿ ಮಾತ್ರೆ ಯಾಕೆ, ನಾಯಿಗೇನು ನಂಬಿಕೆ ಗಿಂಬಿಕೆ ಇರತ್ತಾ?

ಉತ್ತರ: ನಿಮ್ಮ ಮನಸ್ಸಲ್ಲಿರೋದು ಹಳೇ ಕಾಲದ ಚಿತ್ರ, ಅದು ಸುಳ್ಳಲ್ಲ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ಇಬ್ರೂ ಇನ್ಸುಲಿನ್ ಹುಡುಕಿದ್ದು ನಾಯಿಗಳ ಮೇದೋಜೀರಕ ಗ್ರಂಥಿ ತೆಗೆದು. ಎಷ್ಟೋ ನಾಯಿಗಳು ಸತ್ತವು. ಆಮೇಲೆ ಸತ್ವ ತೆಗೆಯೋಕೆ ಕಸಾಯಿಖಾನೆಯಿಂದ ಹುಟ್ಟದ ಕರುಗಳ ಗ್ರಂಥಿ ತಂದ್ರು. 1922ರ ಜನವರಿಯಲ್ಲಿ ಒಬ್ಬ 14 ವರ್ಷದ ಹುಡುಗನಿಗೆ ಮೊದಲ ಇಂಜೆಕ್ಷನ್ ಬಿತ್ತು. ಇವತ್ತು ಸಕ್ಕರೆ ಕಾಯಿಲೆ ಬಂದ ನಾಯಿಗೂ ಅದೇ ಇನ್ಸುಲಿನ್ನೇ ಕೊಡೋದು, ಋಣ ಅಂತ ಯಾರು ಯಾರಿಗೆ ಹೇಳ್ಬೇಕೋ.

ನಿಮ್ಮನ್ನ ಕೇಳಿರೋದು ಬೇರೆ. ನಾಯಿ ನಿಮ್ಮ ಮನೇಲೇ ಇರತ್ತೆ, ಕಾಯಿಲೆ ಅದಕ್ಕೇ ಬಂದಿರೋದು. ಅಮೆರಿಕದಲ್ಲಿ 3,000ಕ್ಕೂ ಹೆಚ್ಚು ಗೋಲ್ಡನ್ ರಿಟ್ರೀವರ್‌ಗಳನ್ನ ಹಿಂಗೇ ಮನೇಲೇ ಬಿಟ್ಟು ವರ್ಷ ವರ್ಷ ರಕ್ತ, ಮೂತ್ರ, ಉಗುರು, ಕೂದಲು ತಗೊಂಡು, ಯಾಕೆ ಇಷ್ಟು ಕ್ಯಾನ್ಸರ್ ಬರತ್ತೆ ಅಂತ 2012ರಿಂದ ನೋಡ್ತಿದಾರೆ.

ಖಾಲಿ ಮಾತ್ರೆ ವಿಷಯಕ್ಕೆ ಬರೋಣ. ನಾಯಿಗೆ ನಂಬಿಕೆ ಇಲ್ಲ, ನಿಮಗಿದೆಯಲ್ಲ! ಫಿಟ್ಸ್ ಬರೋ ನಾಯಿಗಳ ಮೂರು ಟ್ರಯಲ್ಲಿನ ಲೆಕ್ಕ ಒಟ್ಟು ಮಾಡಿ 2010ರಲ್ಲಿ ಪ್ರಕಟಿಸಿದ್ರು, ಖಾಲಿ ಮಾತ್ರೆ ತಗೊಂಡ 28 ನಾಯಿಗಳಲ್ಲಿ 22ಕ್ಕೆ ಫಿಟ್ಸ್ ಕಡಿಮೆ ಆಗಿತ್ತು. ಯಾಕಿರಬಹುದು ಅಂದ್ರೆ, ಕಾಯಿಲೆ ಉಲ್ಬಣ ಆದಾಗ್ಲೇ ತಾನೇ ನಾವು ಓಡಿ ಬರೋದು, ಆಮೇಲೆ ಅದು ತಾನಾಗೇ ಸ್ವಲ್ಪ ಇಳಿಯತ್ತೆ, ಟ್ರಯಲಲ್ಲಿದೀವಿ ಅಂತ ಹಳೇ ಮಾತ್ರೆನೂ ಟೈಮಿಗೆ ಸರಿಯಾಗಿ ಹಾಕ್ತೀವಿ, ಜೊತೆಗೆ ವಾಸಿ ಆಗ್ಲಿ ಅನ್ನೋ ಆಸೆ ಕಣ್ಣಿಗೆ ಬೇರೇನೇ ತೋರ್ಸತ್ತೆ. ಕುಂಟೋ ನಾಯಿ ನೋಡುವಾಗ ಡಾಕ್ಟ್ರುಗಳೂ ಹಿಂಗೇ ಮೋಸ ಹೋಗ್ತಾರೆ. ಅದಕ್ಕೇ ಒಳ್ಳೆ ಟ್ರಯಲ್ಲಲ್ಲಿ ನೆಲದಲ್ಲಿ ತೂಕದ ಪಟ್ಟಿ ಹೂತು, ನಾಯಿ ನಡೆದಾಗ ಯಾವ ಕಾಲ ಮೇಲೆ ಎಷ್ಟು ಭಾರ ಬಿತ್ತು ಅಂತ ಅಳೀತಾರೆ.

ಸೇರಿಸಿ ಅಂತಾನೇ ನನ್ನ ಅಭಿಪ್ರಾಯ. ಸಹಿ ಹಾಕೋ ಮುಂಚೆ ಕೇಳ್ಕೊಳ್ಳಿ: ಖಾಲಿ ಮಾತ್ರೆ ಬಿದ್ದು ನೋವು ಜಾಸ್ತಿ ಆದ್ರೆ ಬೇರೆ ನೋವಿನ ಔಷಧಿ ಕೊಡ್ತಾರಾ, ಎಷ್ಟು ಸಲ ರಕ್ತ ತೆಗೀತಾರೆ, ಅಡ್ಡ ಪರಿಣಾಮ ಆದ್ರೆ ಖರ್ಚು ಯಾರದು. ಬೇಡ ಅನ್ಸಿದಾಗ ಹೊರಗೆ ಬರಬಹುದು ಅನ್ನೋ ಸಾಲು ಫಾರಮ್ಮಲ್ಲಿ ಇಲ್ಲ ಅಂದ್ರೆ ಪೆನ್ನು ಮುಚ್ಚಿ ಎದ್ದು ಬನ್ನಿ.

ಪ್ರಶ್ನೆ: ನಾಯಿ ಮೂತ್ರ ತನ್ನಿ ಅಂದಿದಾರೆ. ಹೆಂಗೆ ಹಿಡಿಯೋದು?

ಉತ್ತರ: ಬೆಳಗ್ಗೆ ಮೊದಲ ಸಲ ಹೋಗುವಾಗ ಉದ್ದ ಹಿಡಿಯ ಸೌಟನ್ನ ಚೆನ್ನಾಗಿ ತೊಳೆದು ಒರೆಸಿ ಹಿಂದಿಂದ ಒಡ್ಡಿ, ನಾಯಿಗೆ ಅನುಮಾನ ಬರದ ಹಾಗೆ. ನೇರ ಲ್ಯಾಬಿಗೆ ಓಡಿ, ತುಂಬಾ ಹೊತ್ತು ಫ್ರಿಜ್ಜಲ್ಲಿಟ್ರೆ ಇಲ್ಲದ ಹರಳು ಹುಟ್ಕೋಬಹುದು. ಸೌಟು ಮಾತ್ರ ಅಡುಗೆಮನೆಗೆ ವಾಪಸ್ ಬರೋದು ಬೇಡ.