ಗೊತ್ತಿಲ್ಲದ ಪದದ ಅರ್ಥವನ್ನು ಸಂದರ್ಭ ನೋಡಿ ಊಹಿಸುವುದನ್ನು ಮಕ್ಕಳಿಗೆ ಕಲಿಸುವುದು ಹೇಗೆ?

ನೀವೇ ಒಂದು ವಾಕ್ಯ ಓದಿ, ಹೇಗೆ ಊಹಿಸಿದಿರಿ ಅಂತ ಬಾಯಿಬಿಟ್ಟು ಹೇಳಿ ತೋರಿಸಿ. ‘ಊಹಿಸಿ ನೋಡು’ ಅಂತ ಸುಮ್ನೆ ಹೇಳಿದರೆ ಸಾಲದು.

‘ಸುಡುಬಿಸಿಲಲ್ಲಿ ಮೈಲುಗಟ್ಟಲೆ ನಡೆದು ಬಸವಳಿದ ಆತ ಮರದಡಿ ಕುಸಿದು ಕೂತ.’ ಇಲ್ಲಿ ‘ಬಸವಳಿದ’ ಗೊತ್ತಿಲ್ಲ ಅಂದುಕೊಳ್ಳಿ. ಬಿಸಿಲು, ದೂರದ ನಡಿಗೆ, ಕುಸಿದು ಕೂತದ್ದು, ಮೂರೂ ಸೇರಿ ‘ದಣಿದ’ ಅನ್ನುವ ಸುಳಿವು ಕೊಡುತ್ತವೆ. ಆ ಜಾಗದಲ್ಲಿ ‘ದಣಿದ’ ಇಟ್ಟು ಮತ್ತೆ ಓದಿಸಿ, ಸರಿಹೊಂದುತ್ತದೆಯೇ ಅಂತ ಮಕ್ಕಳೇ ನೋಡಲಿ.

ಸುತ್ತಲಿನ ಪದಗಳು ಗೊತ್ತಿದ್ದರೆ ಮಾತ್ರ ಇದು ಸಾಧ್ಯ. 100 ಪದಗಳಲ್ಲಿ ಸುಮಾರು 95 ಆದರೂ ಪರಿಚಿತವಾಗಿರಬೇಕು, ಇಲ್ಲದಿದ್ದರೆ ಸುಳಿವೇ ಒಗಟಾಗುತ್ತದೆ. ಕೆಲವು ವಾಕ್ಯಗಳಲ್ಲಂತೂ ಸುಳಿವೇ ಇರುವುದಿಲ್ಲ. ‘ಅವಳು ಬಸವಳಿದಿದ್ದಳು’ ಅಂದಷ್ಟಕ್ಕೆ ಏನಂತ ಊಹಿಸುವುದು, ಅಲ್ವಾ? ಅಂಥ ಕಡೆ ನಿಘಂಟು ತೆಗೆಸಿ.