ಮನೆಯ ಕಂಪ್ಯೂಟರಿಗೆ ವಾಟರ್ ಕೂಲಿಂಗ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಂಪ್ಯೂಟರ್ ಬಿಸಿಯಾಗುವ ವಿಚಾರವಾಗಿ ಈ ಬೇಸಿಗೆಯಲ್ಲಿ ಬಂದ ಪತ್ರಗಳಲ್ಲಿ ಶಿವಮೊಗ್ಗ ಜಿಲ್ಲೆಯವೇ ಹೆಚ್ಚು. ಅವುಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಮದುವೆ, ಉಪನಯನಗಳ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಏಪ್ರಿಲ್ ತಿಂಗಳಲ್ಲಿ ರೆಂಡರಿಂಗ್‌ಗೆ, ಅಂದರೆ ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೊ ಮಾಡಲು, ಹಾಕಿದರೆ ಪ್ರೊಸೆಸರ್ 95 ಡಿಗ್ರಿಗೆ ಹೋಗುತ್ತದೆ. ವಾಟರ್ ಕೂಲಿಂಗ್ ಹಾಕಿಸಬೇಕೆಂದಿದ್ದೇನೆ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ನೀರಿನ ಪೈಪು ಬೆವರಿ ಮದರ್‌ಬೋರ್ಡ್ ಸುಟ್ಟುಹೋದೀತು ಎಂದು ಅಪ್ಪ ಹೆದರಿಸುತ್ತಿದ್ದಾರೆ. ಎಲ್ಲಿಂದ ಶುರುಮಾಡಲಿ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೊದಲು ನಿಮ್ಮ ತಂದೆಯವರ ಆತಂಕವನ್ನು ನೋಡೋಣ. ಗಾಳಿಯಲ್ಲಿರುವ ತೇವ ಒಂದು ವಸ್ತುವಿನ ಮೇಲೆ ಹನಿಗಟ್ಟಬೇಕಾದರೆ ಆ ವಸ್ತು ಸುತ್ತಲಿನ ಗಾಳಿಗಿಂತ ತಣ್ಣಗಿರಬೇಕು. ಫ್ರಿಜ್ಜಿನಿಂದ ಹೊರಗಿಟ್ಟ ನೀರಿನ ತಂಬಿಗೆ ಬೆವರುವುದು ಈ ಕಾರಣಕ್ಕೆ. ಕಂಪ್ಯೂಟರಿನ ವಾಟರ್ ಕೂಲಿಂಗ್‌ನಲ್ಲಿ ನೀರನ್ನು ಆರಿಸುವುದು ಕೋಣೆಯ ಗಾಳಿಯೇ ಆದ್ದರಿಂದ ಆ ನೀರು ಕೋಣೆಗಿಂತ ತಣ್ಣಗಾಗುವ ಪ್ರಶ್ನೆಯೇ ಬರುವುದಿಲ್ಲ. ಪುನರ್ವಸು, ಪುಷ್ಯ ಮಳೆ ಹಿಡಿದ ವಾರಗಳಲ್ಲಿ ಕೋಣೆಯ ತಾಪಮಾನ 22 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 90 ಇದೆಯೆಂದು ಇಟ್ಟುಕೊಳ್ಳಿ. ಆಗ ಹನಿಗಟ್ಟಲು ವಸ್ತುವಿನ ಮೈ ಸುಮಾರು 20 ಡಿಗ್ರಿಗೆ ಇಳಿಯಬೇಕು. ಕೆಲಸ ಮಾಡುತ್ತಿರುವ ಕಂಪ್ಯೂಟರಿನ ಟ್ಯೂಬಿನೊಳಗಿನ ನೀರಾದರೋ ಅದೇ ಹೊತ್ತಿನಲ್ಲಿ ಕೋಣೆಗಿಂತ ಐದಾರು ಡಿಗ್ರಿಯಾದರೂ ಹೆಚ್ಚು ಬಿಸಿಯಾಗಿರುತ್ತದೆ. ಹಾಗಾಗಿ ಪೈಪು ಬೆವರುವುದಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಮುಟ್ಟದೆ ಬಿಟ್ಟ ಕಂಪ್ಯೂಟರಿಗೆ ಥಂಡಿ ಹಿಡಿಯುವುದು ಬೇರೆ ವಿಷಯ. ಅದಕ್ಕೆ ದಿನಕ್ಕೆ ಸ್ವಲ್ಪ ಹೊತ್ತು ಚಾಲೂ ಮಾಡಿಡುವುದೇ ಸಾಕು.

ಇದೇ ನಿಯಮಕ್ಕೆ ಇನ್ನೊಂದು ಮುಖವಿದೆ, ಅದನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ವಾಟರ್ ಕೂಲಿಂಗ್ ತಂಪನ್ನು ಉತ್ಪಾದಿಸುವುದಿಲ್ಲ. ಚಿಪ್ಪಿನ ಬಿಸಿಯನ್ನು ಎತ್ತಿಕೊಂಡು ಹೋಗಿ ರೇಡಿಯೇಟರಿನ ಅಗಲವಾದ ಮೈಯ ಮೇಲೆ ಹರಡಿ ಗಾಳಿಗೆ ಕೊಡುತ್ತದೆ, ಅಷ್ಟೆ. ಡಿಸೆಂಬರಿನ ಮುಂಜಾನೆ 18 ಡಿಗ್ರಿ ಇದ್ದ ಕೋಣೆ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿಗೆ ಏರಿದರೆ, ಅದೇ ಕೆಲಸಕ್ಕೆ ಪ್ರೊಸೆಸರಿನ ತಾಪಮಾನವೂ ಹೆಚ್ಚುಕಡಿಮೆ ಆ 16 ಡಿಗ್ರಿಯಷ್ಟು ಮೇಲೇರುತ್ತದೆ. ಕೂಲರ್ ಗಾಳಿಯದಾದರೂ ಅಷ್ಟೇ, ನೀರಿನದಾದರೂ ಅಷ್ಟೇ.

ಇನ್ನು 95 ಡಿಗ್ರಿಯ ಮಾತು. ನಿಮ್ಮ ಪ್ರೊಸೆಸರ್ ಯಾವುದೆಂದು ನೀವು ಬರೆದಿಲ್ಲ. 2022ರಲ್ಲಿ ಬಂದ ಎಎಂಡಿ ಕಂಪನಿಯ ರೈಜನ್ 7000 ಸರಣಿಯ ದೊಡ್ಡ ಪ್ರೊಸೆಸರುಗಳು ಪೂರ್ತಿ ಹೊರೆ ಬಿದ್ದಾಗ 95 ಡಿಗ್ರಿಯವರೆಗೆ ಹೋಗಿ ಅಲ್ಲಿಯೇ ನಿಲ್ಲುವಂತೆ ರೂಪುಗೊಂಡಿವೆ, ಅದು ಕಾಯಿಲೆಯಲ್ಲ. ಇಂಟೆಲ್‌ನ ಕೋರ್ ಐ7-13700ಕೆ ಪ್ರೊಸೆಸರಿಗೆ ಕಂಪನಿ ಕೊಡುವ ಮೂಲ ಲೆಕ್ಕ 125 ವಾಟ್ ಇದ್ದರೂ ಹೊರೆ ಬಿದ್ದಾಗ ಅದು 253 ವಾಟ್‌ವರೆಗೆ ಎಳೆಯಬಲ್ಲದು. ಇಂಥದ್ದಕ್ಕೆ ನೀರಿನ ಕೂಲರ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ನಿಮ್ಮಲ್ಲಿರುವುದು 65 ವಾಟ್‌ನ ಸಾಧಾರಣ ಪ್ರೊಸೆಸರ್ ಆಗಿದ್ದು, ಅದು 95 ಮುಟ್ಟುತ್ತಿದ್ದರೆ ದೋಷ ಬೇರೆ ಎಲ್ಲೋ ಇದೆ: ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿರಬಹುದು, ಕೂಲರಿನ ಒಂದು ಕಡೆಯ ಸ್ಕ್ರೂ ಸಡಿಲವಿರಬಹುದು, ಅಥವಾ ಎದುರಿಗೆ ಪೂರ್ತಿ ಗಾಜು ಹಾಕಿದ ಚಂದದ ಕ್ಯಾಬಿನೆಟ್ಟಿನೊಳಗೆ ಗಾಳಿಯೇ ಹೋಗುತ್ತಿಲ್ಲದಿರಬಹುದು. ಕೂಲರಿನ ತಾಮ್ರದ ತಟ್ಟೆಗೆ ಕಂಪನಿ ಅಂಟಿಸಿದ ರಕ್ಷಣೆಯ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆಯೇ ಕೂರಿಸಿರುವುದೂ ಉಂಟು. ಇವನ್ನು ಸರಿಪಡಿಸುವುದಕ್ಕೆ ನೀರು ಬೇಡ. ಕಂಪ್ಯೂಟರ್ ಚಾಲೂ ಆಗುವಾಗ ತೆರೆಯಬಹುದಾದ ಬಯೋಸ್ ಎಂಬ ಸೆಟ್ಟಿಂಗ್ ಪರದೆಯಲ್ಲಿ ವಿದ್ಯುತ್ತಿನ ಮಿತಿಯನ್ನು ತುಸು ಇಳಿಸಿ ನೋಡಿ. ರೆಂಡರಿಂಗ್ ಕೊಂಚ ನಿಧಾನವಾಗುತ್ತದೆ, ತಾಪಮಾನ ಚೆನ್ನಾಗಿಯೇ ಇಳಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ವಾಟರ್ ಕೂಲಿಂಗ್ ಬೇಕೆನಿಸಿದರೆ, ಕಾರ್ಖಾನೆಯಲ್ಲೇ ನೀರು ತುಂಬಿ ಮುಚ್ಚಿದ, ಆಲ್-ಇನ್-ಒನ್ ಎಂದು ಮಾರುವ ಕೂಲರಿನಿಂದ ಆರಂಭಿಸಿ. 240 ಎಂಬ ಅಳತೆಯದಕ್ಕೆ 120 ಮಿಲಿಮೀಟರಿನ ಎರಡು ಫ್ಯಾನು, 360ಕ್ಕೆ ಮೂರು ಫ್ಯಾನು ಇರುತ್ತವೆ. ಒಂದು ಫ್ಯಾನಿನ 120ರ ಕೂಲರಿಗೆ ಹಣ ಹಾಕಬೇಡಿ, ಅದೇ ದುಡ್ಡಿಗೆ ಲೋಹದ ರೆಕ್ಕೆಗಳ ಗೋಪುರಕ್ಕೆ ಫ್ಯಾನು ಕಟ್ಟಿದ, ಗಾಳಿಯ ಒಳ್ಳೆಯ ಟವರ್ ಕೂಲರ್ ಸಿಗುತ್ತದೆ. ಎರಡು ಗೋಪುರದ ದೊಡ್ಡ ಏರ್ ಕೂಲರ್ ಹಲವು ಸಲ 240ರ ಹತ್ತಿರಕ್ಕೇ ಬರುತ್ತದೆ ಎಂಬುದೂ ತಿಳಿದಿರಲಿ. ಕೂರಿಸುವಾಗ ಒಂದು ಎಚ್ಚರ ಅಗತ್ಯ. ಒಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ಅದು ಎಲ್ಲಕ್ಕಿಂತ ಎತ್ತರದ ಜಾಗಕ್ಕೆ ಹೋಗಿ ಸೇರುತ್ತದೆ. ಸಾಮಾನ್ಯವಾಗಿ ಪ್ರೊಸೆಸರಿನ ಮೇಲೆಯೇ ಕೂರುವ ಪಂಪು ಆ ಎತ್ತರದ ಜಾಗವಾಗಬಾರದು. ರೇಡಿಯೇಟರನ್ನು ಕ್ಯಾಬಿನೆಟ್ಟಿನ ಮೇಲ್ಭಾಗಕ್ಕೆ ಕಟ್ಟಿದರೆ ಈ ತೊಂದರೆ ಬರುವುದಿಲ್ಲ. ತಪ್ಪಿದರೆ ಪಂಪು ಗುಳುಗುಳು ಸದ್ದು ಮಾಡುತ್ತಾ ಬೇಗ ಸವೆಯುತ್ತದೆ.

ಕೂರಿಸಿದ ಮೇಲೆ ಐದು ನಿಮಿಷ ಪರೀಕ್ಷಿಸಿ ಹಿಗ್ಗಬೇಡಿ. ನೀರು ನಿಧಾನವಾಗಿ ಬಿಸಿಯಾಗುವ ವಸ್ತುವಾದ್ದರಿಂದ ಅರ್ಧ ಗಂಟೆ ರೆಂಡರಿಂಗ್ ನಡೆದ ಮೇಲೆ ಕಾಣುವ ತಾಪಮಾನವೇ ನಿಜವಾದದ್ದು.

ಪ್ರಶ್ನೆ: ನಮ್ಮ ಮನೆಯ ಬಾವಿಯ ನೀರು ಬಹಳ ಸಿಹಿ, ಪಾತ್ರೆಗೆ ಬಿಳಿ ಕಲೆ ಕೂಡ ಹಿಡಿಯುವುದಿಲ್ಲ. ಅದನ್ನೇ ಸೋಸಿ, ಕುದಿಸಿ ಕಂಪ್ಯೂಟರಿಗೆ ತುಂಬಬಹುದೇ?
— ಓದುಗರೊಬ್ಬರು, ಹೊಸನಗರ

ಉತ್ತರ: ಬೇಡ. ಕುಡಿಯುವುದಕ್ಕೆ ರುಚಿಯಾದ ನೀರಿನಲ್ಲಿಯೂ ಕರಗಿದ ಲವಣಗಳಿರುತ್ತವೆ, ಕುದಿಸಿದರೆ ಅವು ಹೋಗುವುದಿಲ್ಲ. ಪ್ರೊಸೆಸರಿನ ಮೇಲೆ ಕೂರುವ ವಾಟರ್ ಬ್ಲಾಕಿನ ಒಳಗೆ ಕೂದಲೆಳೆಯಷ್ಟು ಸಣ್ಣ ಸೀಳುಗಳಿರುವ ತಾಮ್ರದ ತಟ್ಟೆ ಇರುತ್ತದೆ. ಮೊದಲು ಕಟ್ಟಿಕೊಳ್ಳುವುದು ಅಲ್ಲಿಯೇ. ಆರ್‌ಒ ಯಂತ್ರದ ನೀರಿನಲ್ಲಿಯೂ ಸ್ವಲ್ಪ ಲವಣ ಉಳಿದಿರುತ್ತದೆ. ಡಿಸ್ಟಿಲ್ಡ್ ವಾಟರ್ ಬಳಸಬೇಕು. ಬ್ಯಾಟರಿ ಅಂಗಡಿಗಳಲ್ಲಿ ಅದು ಸಿಗುತ್ತದೆ, ಆದರೆ ಅದೇ ಕಪಾಟಿನಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆಯಾದ್ದರಿಂದ ಚೀಟಿ ಓದಿ ತನ್ನಿ.

ಬರಿಯ ಡಿಸ್ಟಿಲ್ಡ್ ವಾಟರ್ ಕೂಡ ಸಾಲದು. ತುಕ್ಕು ತಡೆಯುವ ಮತ್ತು ಪಾಚಿ ಬೆಳೆಯದಂತೆ ನೋಡಿಕೊಳ್ಳುವ ದ್ರವವನ್ನು ಅದಕ್ಕೆ ಬೆರೆಸಬೇಕು, ಇಲ್ಲವೇ ಎರಡೂ ಇರುವ ಸಿದ್ಧ ಕೂಲೆಂಟ್ ಕೊಳ್ಳಬೇಕು. ಹಾಲಿನಂತೆ ದಟ್ಟ ಬಣ್ಣದ ಕೂಲೆಂಟ್‌ಗಳು ಫೋಟೊಕ್ಕೆ ಚಂದ. ಅವುಗಳ ಬಣ್ಣದ ಕಣಗಳು ಕಾಲಕ್ರಮೇಣ ತಳ ಹಿಡಿಯುವುದರಿಂದ ಹೊಸಬರಿಗೆ ಪಾರದರ್ಶಕವಾದದ್ದೇ ವಾಸಿ. ತಾಮ್ರ ಮತ್ತು ಅಲ್ಯುಮಿನಿಯಂ ಒಂದೇ ನೀರಿನಲ್ಲಿ ಸೇರಬಾರದು, ಸೇರಿದರೆ ಅಲ್ಯುಮಿನಿಯಂ ಕೊರೆದುಹೋಗುತ್ತದೆ. ಆಲ್-ಇನ್-ಒನ್ ಕೂಲರುಗಳಲ್ಲಿ ಬಹಳಷ್ಟಕ್ಕೆ ಅಲ್ಯುಮಿನಿಯಂ ರೇಡಿಯೇಟರ್, ತಾಮ್ರದ ತಟ್ಟೆ ಇರುತ್ತದಲ್ಲ ಎಂದು ನೀವು ಕೇಳಬಹುದು. ಅವುಗಳಲ್ಲಿ ಕಂಪನಿ ತುಂಬಿದ ದ್ರವದಲ್ಲಿರುವ ರಾಸಾಯನಿಕವೇ ಆ ಕೊರೆತವನ್ನು ತಡೆದಿರುತ್ತದೆ. ಅಂಥ ಕೂಲರನ್ನು ಬಿಚ್ಚಿ ಬರಿ ನೀರು ತುಂಬಿಸುವ ಸಾಹಸ ಬೇಡವೆನ್ನುವುದು ಇದಕ್ಕೇ.

ಪ್ರಶ್ನೆ: ಹಳೆಯ ಫ್ರಿಜ್ಜೊಂದಿದೆ. ರೇಡಿಯೇಟರನ್ನು ಅದರೊಳಗೆ ಇಟ್ಟರೆ?
— ಓದುಗರೊಬ್ಬರು, ಸೊರಬ

ಉತ್ತರ: ಮುಚ್ಚಿದ ಬಾಗಿಲಿನೊಳಗೆ ಈಗಾಗಲೇ ತಣ್ಣಗಿರುವ ಪದಾರ್ಥವನ್ನು ಹಾಗೆಯೇ ಇಡಲು ಮಾಡಿದ ಯಂತ್ರ ಅದು, ಎಡೆಬಿಡದೆ ಇನ್ನೂರು ಮುನ್ನೂರು ವಾಟ್ ಬಿಸಿಯನ್ನು ಒಳಗೆ ಸುರಿದರೆ ಅದರ ಕಂಪ್ರೆಸರ್ ಸೋಲುತ್ತದೆ. ಸೋಲುವ ಮೊದಲಿನ ಸ್ವಲ್ಪ ಹೊತ್ತು ನೀರು ಕೋಣೆಗಿಂತ ತಣ್ಣಗಾಗುತ್ತದೆ, ಆಗ ತೀರ್ಥಹಳ್ಳಿಯ ಓದುಗರ ತಂದೆಯವರ ಭಯ ನಿಜವಾಗುತ್ತದೆ.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿದ್ದೇನೆ. ಬಿಡಿಭಾಗಗಳನ್ನು ತಂದು ನಾನೇ ಪೂರ್ತಿ ಕಸ್ಟಮ್ ಲೂಪ್ ಕಟ್ಟಬೇಕೆಂಬ ಆಸೆ. ಯಾವ ಕ್ರಮದಲ್ಲಿ ಮುಂದುವರಿಯಬೇಕು?
— ವಿದ್ಯಾರ್ಥಿನಿಯೊಬ್ಬರು, ಶಿವಮೊಗ್ಗ

ಉತ್ತರ: ಇದು ಉಳಿತಾಯದ ಹವ್ಯಾಸವಲ್ಲವೆಂಬುದನ್ನು ಒಪ್ಪಿಕೊಂಡು ಮುಂದುವರಿಯಿರಿ. ವಾಟರ್ ಬ್ಲಾಕ್, ಪಂಪು, ನೀರಿನ ಪುಟ್ಟ ತೊಟ್ಟಿಯಾದ ರಿಸರ್ವಾಯರ್, ರೇಡಿಯೇಟರ್, ಟ್ಯೂಬು ಮತ್ತು ಫಿಟ್ಟಿಂಗ್‌ಗಳು ಬೇಕು. ಹೆಚ್ಚಿನವನ್ನು ಆನ್‌ಲೈನಿನಲ್ಲಿಯೇ ತರಿಸಬೇಕಾಗುವುದರಿಂದ ಒಂದೆರಡು ಫಿಟ್ಟಿಂಗ್ ಹೆಚ್ಚಿಗೇ ತರಿಸಿ. ಫಿಟ್ಟಿಂಗ್‌ನ ರಬ್ಬರ್ ಬಳೆಯಾದ ಓ-ರಿಂಗ್ ಒಂದು ಕಳೆದುಹೋದರೆ ವಾರವಿಡೀ ಕಾಯಬೇಕಾದೀತು. ಮೊದಲ ಸಲಕ್ಕೆ ಗಟ್ಟಿ ಅಕ್ರಿಲಿಕ್ ಕೊಳವೆ ಬೇಡ, ಮೆದು ಟ್ಯೂಬು ಸಾಕು. ಟ್ಯೂಬಿನ ಒಳ-ಹೊರ ಅಳತೆಯನ್ನು, ಉದಾಹರಣೆಗೆ 10/13 ಅಥವಾ 10/16 ಮಿಲಿಮೀಟರ್ ಎಂಬುದನ್ನು, ಫಿಟ್ಟಿಂಗ್‌ನ ಅಳತೆಯೊಂದಿಗೆ ತಾಳೆ ನೋಡಿ.

ಹೊಸ ರೇಡಿಯೇಟರಿನೊಳಗೆ ಬೆಸುಗೆಯ ಕಸರು ಉಳಿದಿರುತ್ತದೆ. ಬೆಚ್ಚಗಿನ ಡಿಸ್ಟಿಲ್ಡ್ ವಾಟರ್ ಹಾಕಿ ಕುಲುಕಿ, ಬರುವ ನೀರು ತಿಳಿಯಾಗುವವರೆಗೆ ತೊಳೆಯಿರಿ. ಬಿಡಿಭಾಗಗಳ ಅನುಕ್ರಮದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ: ನಿಮಿಷಕ್ಕೆ ಒಂದು ಲೀಟರ್ ಹರಿಯುವ ನೀರು 200 ವಾಟ್ ಬಿಸಿಯನ್ನು ಹೊತ್ತರೂ ಅದರ ತಾಪಮಾನ ಏರುವುದು ಸುಮಾರು 3 ಡಿಗ್ರಿ ಮಾತ್ರ. ಯಾವುದು ಮೊದಲು, ಯಾವುದು ಆಮೇಲೆ ಎಂಬುದರಿಂದ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಒಂದು ಕ್ರಮವನ್ನು ಮಾತ್ರ ಮೀರಬಾರದು. ಪಂಪಿಗಿಂತ ರಿಸರ್ವಾಯರ್ ಎತ್ತರದಲ್ಲಿದ್ದು, ಅದರ ನೀರು ನೇರವಾಗಿ ಪಂಪಿಗೆ ಇಳಿಯಬೇಕು. ಈ ಪಂಪುಗಳ ಬೇರಿಂಗ್‌ಗೆ ನೀರೇ ಎಣ್ಣೆಯ ಕೆಲಸವನ್ನೂ ಮಾಡುವುದರಿಂದ ಒಣಗಿದ ಪಂಪನ್ನು ಕ್ಷಣಕಾಲವೂ ಓಡಿಸಬಾರದು.

ಫಿಟ್ಟಿಂಗ್ ಬಿಗಿಯುವಾಗ ನಲ್ಲಿ ಕೆಲಸದ ಅಭ್ಯಾಸವನ್ನು ಬದಿಗಿಡಬೇಕು. ಟೆಫ್ಲಾನ್ ಟೇಪ್ ಸುತ್ತುವುದು, ಪಾನಾ ಹಾಕಿ ತಿರುಗಿಸುವುದು ಎರಡೂ ಇಲ್ಲಿ ಸಲ್ಲ. ನೀರನ್ನು ತಡೆಯುವುದು ಓ-ರಿಂಗ್. ಅದು ಕುಳಿತದ್ದು ಬೆರಳಿಗೆ ತಿಳಿದ ಮೇಲೆ ಇನ್ನೂ ಬಿಗಿದರೆ ಅಕ್ರಿಲಿಕ್ ಬ್ಲಾಕು ಬಿರುಕು ಬಿಡುತ್ತದೆ. ನೀರು ತುಂಬುವಾಗ ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಹೋಗುವ ಎಲ್ಲ ಕೇಬಲ್‌ಗಳನ್ನೂ ತೆಗೆದು, ಕಂಪ್ಯೂಟರಿಗೆ ವಿದ್ಯುತ್ ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಪಂಪಿಗೆ ಮಾತ್ರ ವಿದ್ಯುತ್ ಕೊಡಬೇಕು. ಮದರ್‌ಬೋರ್ಡಿಗೆ ಜೋಡಿಸದೆ ಎಸ್‌ಎಂಪಿಎಸ್ ಚಾಲೂ ಮಾಡಲು 24 ಪಿನ್ನಿನ ಕನೆಕ್ಟರಿಗೆ ಸಿಕ್ಕಿಸುವ ಪುಟ್ಟ ಜಂಪರ್ ಸಿಗುತ್ತದೆ. ಈಗಿನ ಕೇಬಲ್‌ಗಳಲ್ಲಿ ಎಲ್ಲ ತಂತಿಗಳೂ ಕಪ್ಪಾಗಿರುವುದರಿಂದ ಹಸಿರು ತಂತಿಯನ್ನು ಕಪ್ಪು ತಂತಿಗೆ ಪೇಪರ್ ಕ್ಲಿಪ್ಪಿನಿಂದ ಜೋಡಿಸುವ ಹಳೆಯ ಉಪಾಯಕ್ಕಿಂತ ಅದೇ ಕ್ಷೇಮ. ರಿಸರ್ವಾಯರ್ ತುಂಬಿಸಿ, ಪಂಪನ್ನು ಕೆಲವೇ ಸೆಕೆಂಡು ಓಡಿಸಿ, ನೀರು ಪೂರ್ತಿ ಇಳಿಯುವ ಮೊದಲೇ ನಿಲ್ಲಿಸಿ ಮತ್ತೆ ತುಂಬಿಸಿ. ಗುಳ್ಳೆಗಳು ಸಿಕ್ಕಿಕೊಂಡರೆ ಕ್ಯಾಬಿನೆಟ್ಟನ್ನು ಮೆಲ್ಲನೆ ಅತ್ತಿತ್ತ ಓರೆ ಮಾಡಿ.

ಅನಂತರ ಪ್ರತಿ ಸಂದಿನ ಕೆಳಗೆ ಬಿಳಿ ಟಿಸ್ಯೂ ಪೇಪರ್ ಮಡಿಸಿಟ್ಟು, ಪಂಪನ್ನು ಮಾತ್ರ 24 ಗಂಟೆ ಓಡಿಸಿ. ಸೋರಿಕೆ ಧಾರೆಯಾಗಿ ಬರುವುದು ಅಪರೂಪ. ಟಿಸ್ಯೂವಿನ ಒಂದು ಮೂಲೆ ಕಾಸಿನಗಲ ಮೆತ್ತಗಾಗಿರುತ್ತದೆ, ಅಷ್ಟೇ ಕಾಣುವುದು. ಕೂಲೆಂಟ್ ವಿದ್ಯುತ್ ಹರಿಸುವುದಿಲ್ಲವೆಂದು ಬಾಟಲಿಯ ಮೇಲೆ ಬರೆದಿದ್ದರೂ ನಂಬಿ ಕೂರಬೇಡಿ. ಲೋಹ, ದೂಳುಗಳ ಸಂಪರ್ಕ ಬಂದ ಮೇಲೆ ಆ ಗುಣ ಉಳಿಯುವುದಿಲ್ಲ. ವರ್ಷಕ್ಕೊಮ್ಮೆ ದ್ರವವನ್ನು ಬದಲಿಸಿ.

ಪ್ರಶ್ನೆ: ನಮ್ಮಲ್ಲಿ ಕರೆಂಟು ಪದೇ ಪದೇ ಹೋಗುತ್ತದೆ. ಪಂಪು ಹಠಾತ್ತನೆ ನಿಂತರೆ ಪ್ರೊಸೆಸರ್ ಸುಡುವುದೇ?
— ಓದುಗರೊಬ್ಬರು, ಭದ್ರಾವತಿ

ಉತ್ತರ: ಕರೆಂಟು ಹೋದಾಗ ಪಂಪಿನ ಜೊತೆಗೆ ಪ್ರೊಸೆಸರೂ ನಿಲ್ಲುವುದರಿಂದ ಬಿಸಿ ಹುಟ್ಟುವುದೇ ನಿಂತುಹೋಗುತ್ತದೆ. ಕಂಪ್ಯೂಟರ್ ಓಡುತ್ತಿದ್ದು ಪಂಪು ಮಾತ್ರ ಕೆಟ್ಟಾಗಲೂ ಈಗಿನ ಪ್ರೊಸೆಸರುಗಳು ವೇಗ ಇಳಿಸಿ, ಕೊನೆಗೆ ತಾವಾಗಿಯೇ ಬಂದ್ ಆಗುತ್ತವೆ. ಪಂಪಿನ ತಂತಿಯನ್ನು ಮದರ್‌ಬೋರ್ಡಿನಲ್ಲಿ ಅದಕ್ಕೆಂದೇ ಇರುವ ಜಾಗಕ್ಕೆ ಜೋಡಿಸಿ, ಬಯೋಸ್‌ನಲ್ಲಿ ಪೂರ್ಣ ವೇಗಕ್ಕೆ ಇಡಿ. ಮನೆಯ ಇನ್ವರ್ಟರ್ ಶುದ್ಧ ಸೈನ್ ವೇವ್‌ನದಲ್ಲದಿದ್ದರೆ, ಅಂದರೆ ಲೈನಿನ ಕರೆಂಟಿನಂತೆ ನಯವಾದ ಅಲೆಯ ವಿದ್ಯುತ್ ಕೊಡದಿದ್ದರೆ, ಕೆಲವು ಎಸ್‌ಎಂಪಿಎಸ್‌ಗಳು ಅದಕ್ಕೆ ಹೊಂದಿಕೊಳ್ಳದೆ ಕಂಪ್ಯೂಟರ್ ಆರಿಹೋಗುತ್ತದೆ. ಪಂಪಿಗಿಂತ ಮೊದಲು ವಿಚಾರಿಸಬೇಕಾದದ್ದು ಅದನ್ನು.

ಪ್ರಶ್ನೆ: ಅಂಗಳದಲ್ಲಿ ಚಾಲಿ ಅಡಿಕೆ ಸುಲಿಯುವ ಯಂತ್ರ ಓಡುವಾಗ ಮನೆಯೆಲ್ಲ ದೂಳು. ವಾಟರ್ ಕೂಲಿಂಗ್ ಹಾಕಿದರೆ ದೂಳಿನ ಕಾಟ ತಪ್ಪುತ್ತದೆಯೇ?
— ಓದುಗರೊಬ್ಬರು, ಸಾಗರ

ಉತ್ತರ: ತಪ್ಪುವುದಿಲ್ಲ, ಹೆಚ್ಚಲೂಬಹುದು. ರೇಡಿಯೇಟರಿನ ರೆಕ್ಕೆಗಳ ನಡುವಿನ ಸಂದು ಟವರ್ ಕೂಲರಿನದಕ್ಕಿಂತ ಸಾಮಾನ್ಯವಾಗಿ ಕಿರಿದು. ಅಡಿಕೆ ಸಿಪ್ಪೆಯ ದೂಳಿನಲ್ಲಿ ನಾರಿನ ಎಳೆಗಳಿರುತ್ತವೆ. ಅವು ಫ್ಯಾನಿಗೂ ರೇಡಿಯೇಟರಿಗೂ ನಡುವೆ ಹೆಣೆದುಕೊಂಡು ಕಂಬಳಿಯ ತುಂಡಿನಂತಹ ಕಂದು ಪದರವಾಗುತ್ತವೆ. ಫ್ಯಾನು ತೆಗೆಯದೆ ಹೊರಗಿನಿಂದ ನೋಡಿದರೆ ಅದು ಕಾಣುವುದೂ ಇಲ್ಲ. ಗಾಳಿ ಒಳಬರುವ ಕಡೆ ಸಣ್ಣ ಜಾಲರಿಯ ಫಿಲ್ಟರ್ ಹಾಕಿ, ಸುಲಿಯುವ ದಿನಗಳಲ್ಲಿ ಅದನ್ನು ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ. ಆ ಕಾಲ ಮುಗಿದ ಮೇಲೆ ಫ್ಯಾನು ಬಿಚ್ಚಿ, ಮೆದು ಬ್ರಷ್ಷಿನಿಂದ ಪದರವನ್ನು ಎತ್ತಿ, ಬ್ಲೋವರಿನಿಂದ ಗಾಳಿ ಹಾಯಿಸಿ; ಬ್ಲೋವರಿನ ಗಾಳಿಗೆ ಫ್ಯಾನು ಗಿರಗಿರನೆ ತಿರುಗಿ ಕೆಡದಂತೆ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದುಕೊಳ್ಳಿ. ಯಂತ್ರ ಓಡುವ ಹೊತ್ತಿನಲ್ಲಿ ಕಂಪ್ಯೂಟರ್ ಬಂದ್ ಮಾಡಿ ಬಟ್ಟೆ ಹೊದಿಸಿಡಬಹುದಾದರೆ ಇದರ ಅರ್ಧ ಕೆಲಸ ಉಳಿಯುತ್ತದೆ. ಮತ್ತೆ ಚಾಲೂ ಮಾಡುವಾಗ ಬಟ್ಟೆ ತೆಗೆಯಲು ಮರೆಯಬೇಡಿ.